ಟಾರ್ಮೆಂಟೆಡ್ ಸೋಲ್ಸ್ ಮುಗಿಸಿದೆ: ಹೆದರಿಸಿದ್ದೆಷ್ಟು, ಸತಾಯಿಸಿದ್ದೆಷ್ಟು?

ಕೋಟೆ_ಕೆಳಗಿನವ, ಚಿತ್ರದುರ್ಗ

ನಿನ್ನೆ ರಾತ್ರಿ ಟಾರ್ಮೆಂಟೆಡ್ ಸೋಲ್ಸ್ ಅನ್ನೋ ಹೆದರಿಸೋ ವಿಡಿಯೊ ಗೇಮ್ ಮುಗಿಸಿದೆ. ಮೂರು ವಾರ ಹಿಡೀತು. ಹಿಡಿಸ್ತಾ ಅಂತ ಕೇಳಿದರೆ ಹೌದು ಅಂತೀನಿ. ಆದರೆ ಒಂದೇ ಮಾತಲ್ಲಿ ಹೌದು ಅಂದುಬಿಟ್ಟರೆ ಅರ್ಧ ಸತ್ಯ ಆಗುತ್ತೆ, ಅದಕ್ಕೇ ಇಲ್ಲಿ ಬರೀತಿದ್ದೀನಿ.

ಆಡದವರಿಗೆ ಸ್ವಲ್ಪ ಹಿನ್ನೆಲೆ. ಚಿಲಿ ದೇಶದ ಡ್ಯುಯಲ್ ಎಫೆಕ್ಟ್ ಅನ್ನೋ ಚಿಕ್ಕ ತಂಡದ ಆಟ ಇದು, 2021ರ ಆಗಸ್ಟ್‌ನಲ್ಲಿ ಬಂತು. ಕ್ಯಾರೋಲಿನ್ ವಾಕರ್ ಅನ್ನೋ ಹುಡುಗಿಗೆ ಒಂದು ಲಕೋಟೆ ಬರುತ್ತೆ, ಒಳಗೆ ಅವಳಿ ಹೆಣ್ಣುಮಕ್ಕಳ ಫೋಟೊ. ಆ ಫೋಟೊದ ಬೆನ್ನುಹತ್ತಿ ವಿಂಟರ್‌ಲೇಕ್‌ನ ಪಾಳು ಆಸ್ಪತ್ರೆಗೆ ಹೋಗ್ತಾಳೆ. ತಲೆಗೆ ಏಟು ಬೀಳುತ್ತೆ. ಎಚ್ಚರಾದಾಗ ಸ್ನಾನದ ತೊಟ್ಟಿಯಲ್ಲಿ ಬಿದ್ದಿರ್ತಾಳೆ, ಗಂಟಲಲ್ಲಿ ನಳಿಕೆ, ಒಂದು ಕಣ್ಣು ಇಲ್ಲ. ಕ್ಯಾಮೆರಾ ಎಲ್ಲೋ ಸೂರಿನ ಮೂಲೆಯಲ್ಲಿ ಕೂತು ನೋಡ್ತಿರುತ್ತೆ, ಅದನ್ನು ತಿರುಗಿಸೋಕೆ ನಮಗೆ ಅಧಿಕಾರ ಇಲ್ಲ. ಆಡಿದಷ್ಟನ್ನು ಉಳಿಸಿಕೊಳ್ಳೋಕೆ, ಅಂದರೆ ಸೇವ್ ಮಾಡೋಕೆ, ಟೇಪ್ ರೆಕಾರ್ಡರ್ ಇರೋ ಕೋಣೆ ಸಿಗಬೇಕು, ಕೈಯಲ್ಲಿ ಟೇಪ್ ಸುರುಳಿ ಇರಬೇಕು. ಒಂದು ಸಲ ಸೇವ್ ಮಾಡಿದರೆ ಒಂದು ಸುರುಳಿ ಖರ್ಚು. 1996ರ ರೆಸಿಡೆಂಟ್ ಈವಿಲ್ ಆಟದಲ್ಲಿ ಸೇವ್ ಮಾಡೋ ಟೈಪ್‌ರೈಟರ್‌ಗೆ ರಿಬ್ಬನ್ ಉಳಿಸಿಕೊಂಡು ಓಡಾಡ್ತಿದ್ದೆವಲ್ಲ, ಅದೇ ಲೆಕ್ಕ.

ಮೊದಲು ಹೊಗಳಬೇಕಾದ್ದನ್ನು ಮನಸಾರೆ ಹೊಗಳ್ತೀನಿ. ಈ ಆಟದಲ್ಲಿ ಕತ್ತಲೆಯೇ ಸಾಯಿಸುತ್ತೆ. ಬೆಳಕಿಲ್ಲದ ಕಡೆ ಕೆಲವೇ ಕ್ಷಣ ನಿಂತರೆ ಕ್ಯಾರೋಲಿನ್ ಕತೆ ಮುಗೀತು. ಲೈಟರ್ ಹಚ್ಚಿಕೊಂಡೇ ನಡೀಬೇಕು. ಆದರೆ ಲೈಟರ್ ಹಿಡಿದ ಕೈಯಲ್ಲಿ ಆಯುಧ ಹಿಡಿಯೋಕೆ ಆಗಲ್ಲ. ಆಚೆ ಮೂಲೆಯಲ್ಲಿ ಏನೋ ಕಿರುಗುಟ್ಟುತ್ತಾ ಬರ್ತಿದೆ, ಕೈಯಲ್ಲಿ ಬೆಂಕಿ ಇದೆ, ಮೊಳೆ ಹಾರಿಸೋ ಗನ್ ಚೀಲದಲ್ಲಿದೆ. ಬೆಳಕು ಬೇಕಾ, ಆಯುಧ ಬೇಕಾ? ಹತ್ತಿರದಲ್ಲಿ ಮೇಣದಬತ್ತಿಯ ಕಂಬ ಕಂಡರೆ ಹಚ್ಚಿಬಿಡಬಹುದು, ಆಮೇಲೆ ಆ ಜಾಗ ನಮ್ಮದು. ಒಂದೊಂದು ಬತ್ತಿ ಹಚ್ಚಿದಾಗಲೂ ಒಂದಿಷ್ಟು ನೆಲ ಗೆದ್ದ ಹಾಗೆ ಅನ್ನಿಸ್ತಿತ್ತು.

ನಮ್ಮೂರವರಿಗೆ ಇದು ಬೇಗ ಅರ್ಥ ಆಗುತ್ತೆ. ಚಂದ್ರವಳ್ಳಿಯ ಅಂಕಲಿ ಮಠದ ಗುಹೆಗೆ ಇಳಿದವರು ನೆನಪಿಸಿಕೊಳ್ಳಿ. ಕಲ್ಲಿನ ಮೆಟ್ಟಿಲು ಇಳಿದು, ತಲೆ ಬಗ್ಗಿಸಿ ಒಳಕೋಣೆಗೆ ಹೋದಮೇಲೆ, ಹೈಸ್ಕೂಲಿನಲ್ಲಿದ್ದಾಗ ನಮ್ಮನ್ನು ಕರೆದುಕೊಂಡು ಹೋದವರು ಟಾರ್ಚ್ ಆರಿಸಿ ತೋರಿಸಿದ್ದರು. ಕಣ್ಣು ಮುಚ್ಚಿದರೂ ತೆರೆದರೂ ಒಂದೇ. ಪಕ್ಕದವನ ಉಸಿರು ಮಾತ್ರ ಕೇಳುತ್ತೆ. ಆ ಉಸಿರು ಪಕ್ಕದವನದೇ ಅಂತ ನಂಬಿಕೊಂಡು ನಿಂತಿರಬೇಕು. ಎಷ್ಟೋ ದೊಡ್ಡ ದುಡ್ಡಿನ ಆಟಗಳಲ್ಲಿ ಕತ್ತಲೆ ಅಂದರೆ ನೀಲಿ ಬಣ್ಣ ಬಳಿದ ಹಗಲು. ಇಲ್ಲಿ ಅಂಕಲಿ ಮಠದ ಕತ್ತಲೆ ಇದೆ.

ಇನ್ನು ದೂರು. ಎರಡನೇ ವಾರ ಒಂದು ರಾತ್ರಿ ಒಂದೂವರೆ ಗಂಟೆ ಸೇವ್ ಮಾಡದೆ ಆಡಿದ್ದೆ. ಒಂದೇ ಸುರುಳಿ ಉಳಿದಿತ್ತು, ಜೀವ ಬಿಗಿಹಿಡಿದು ಉಳಿಸ್ತಿದ್ದೆ. ಎರಡು ಒಗಟು ಬಿಡಿಸಿದ್ದೆ. ಕರೆಂಟ್ ಹೋಯ್ತು. ನನ್ನ ಡೆಸ್ಕ್‌ಟಾಪ್‌ಗೆ ಯುಪಿಎಸ್ ಇಲ್ಲ. ಆಟದ ಒಳಗೂ ಕತ್ತಲೆ, ಮನೆ ಒಳಗೂ ಕತ್ತಲೆ. ಹತ್ತು ನಿಮಿಷ ಸುಮ್ಮನೆ ಕುರ್ಚಿ ಮೇಲೆ ಕೂತಿದ್ದೆ.

ಆದರೂ ಅದಕ್ಕೆ ಆಟವನ್ನು ಬೈಯಲ್ಲ. ಸೇವ್ ಕಡಿಮೆ ಇದ್ದದ್ದರಿಂದಲೇ ಆ ಒಂದೂವರೆ ಗಂಟೆ ಬೆನ್ನು ನೆಟ್ಟಗೆ ಮಾಡಿ ಆಡಿದ್ದು. ನಾನು ಬೈಯೋದು ಬೇರೆಯದಕ್ಕೆ. ಮೂರು ಸಲ ಒಗಟಿನ ಮುಂದೆ ನಿಂತುಬಿಟ್ಟೆ. ಉತ್ತರ ಗೊತ್ತಿತ್ತು. ಆದರೆ ವಸ್ತುವನ್ನು ಚೀಲದಲ್ಲೇ ತಿರುಗಿಸಿ ನೋಡಿ, ಅದರ ಮೇಲೆ ಯಾವುದೋ ಚಿಕ್ಕ ಜಾಗ ಒತ್ತಬೇಕಿತ್ತು, ಅಥವಾ ಪರದೆ ಮೇಲೆ ಕರ್ಸರ್ ಕೂದಲೆಳೆಯಷ್ಟು ಆಚೆ ಇಡಬೇಕಿತ್ತು. ಒಂದು ಗಂಟೆ ಇಡೀ ಆಸ್ಪತ್ರೆ ಮೇಲೆ ಕೆಳಗೆ ಅಲೆದೆ. ಹೆದರಿಕೆ ಎಲ್ಲಾ ಇಳಿದುಹೋಯ್ತು. ಒಂದೇ ಓಣಿಯಲ್ಲಿ ಹದಿನೈದನೇ ಸಲ ನಡೆಯುವಾಗ ಅದು ದೆವ್ವದ ಆಸ್ಪತ್ರೆ ಆಗಿರಲಿಲ್ಲ, ಸೀಲು ಬೀಳದ ಅರ್ಜಿ ಹಿಡಿದು ಅಲೆಯೋ ಕಚೇರಿ ಆಗಿತ್ತು.

ಹೆದರಿಸೋದು ಬೇರೆ, ಸತಾಯಿಸೋದು ಬೇರೆ. ಟೇಪ್ ಸುರುಳಿ ಹೆದರಿಸಿತು, ಕರ್ಸರ್ ಸತಾಯಿಸಿತು. ಹಳೇ ಶೈಲಿ ಅಂದ ತಕ್ಷಣ ಎರಡನ್ನೂ ಒಂದೇ ಗಂಟಲ್ಲಿ ಕಟ್ಟಿ ಒಪ್ಪಿಕೊಳ್ಳಬೇಕಾ? ನೀವೇನಂತೀರಿ?

ಮಿಲ್_ಓಣಿ, ದಾವಣಗೆರೆ

ಅಣ್ಣಾ, ಸೇವ್ ವಿಷಯ ತೆಗೆದ್ರಿ, ನನಗ ಬ್ಯಾರೆ ಏನೋ ನೆನಪಾತು.

1999, 2000ರ ಟೈಮು. ನಮ್ಮ ಓಣಿ ತುದ್ಯಾಗ ಒಂದು ವಿಡಿಯೊ ಗೇಮ್ ಅಂಗಡಿ ಇತ್ತು. ಎರಡು ಟಿವಿ, ಎರಡು ಪ್ಲೇಸ್ಟೇಷನ್. ಗಂಟೆಗೆ ಹದಿನೈದು ರೂಪಾಯಿ. ಅಪ್ಪ ಆಗ ಮಿಲ್ ಕೆಲಸ ಹೋಗಿ ಮನ್ಯಾಗ ಕುಂತಿದ್ರು, ಹಂಗಾಗಿ ಹದಿನೈದು ರೂಪಾಯಿ ಕೂಡಸಾಕ ನನಗ ಒಂದು ವಾರ ಬೇಕಾಗ್ತಿತ್ತು. ಒಂದು ವಾರಕ್ಕ ಒಂದು ಗಂಟೆ. ನಾನು ಹಾಕಿಸ್ಕೊಳ್ತಿದ್ದುದು ರೆಸಿಡೆಂಟ್ ಈವಿಲ್.

ಅಂಗಡ್ಯಾಗ ಆಟ ಸೇವ್ ಮಾಡೋ ಮೆಮೊರಿ ಕಾರ್ಡ್ ಇತ್ತು, ಒಂದೇ ಒಂದು. ಅದರಾಗ ಇರೋದು ಬರೇ ಹದಿನೈದು ಬ್ಲಾಕು, ಅಂದ್ರ ಸೇವ್ ಇಡೋ ಜಾಗ. ಅಂಗಡಿಯವರು ಯಾವ ಹುಡುಗರಿಗೂ ಸೇವ್ ಮಾಡಾಕ ಬಿಡ್ತಿರಲಿಲ್ಲ. ಆಟದಾಗ ಇಂಕ್ ರಿಬ್ಬನ್ ಸಿಗ್ತಿತ್ತು, ಟೈಪ್‌ರೈಟರ್ ಸಿಗ್ತಿತ್ತು, ಆದ್ರ ಒತ್ತಿದ್ರ ಕಾರ್ಡ್ ಇಲ್ಲ ಅಂತ ಬರ್ತಿತ್ತು. ಹಂಗಾಗಿ ಪ್ರತಿ ವಾರ ಮೊದಲಿಂದ. ಊಟದ ಹಾಲ್, ಮೊದಲನೇ ಜೋಂಬಿ ನಿಧಾನಕ್ಕ ತಿರುಗಿ ನೋಡೋದು, ಕಿಟಕಿ ಒಡದು ನಾಯಿ ಒಳಗ ಹಾರೋದು. ಆ ಮಹಲಿನ ಮೊದಲನೇ ಒಂದು ಗಂಟೆ ನಾನು ಎರಡು ವರ್ಷ ಆಡೀನಿ. ಎಲ್ಲಿ ಏನೈತಿ ಅಂತ ಕಣ್ಣು ಮುಚ್ಚಿ ಹೇಳ್ತಿದ್ದೆ. ಅದರ ಮುಂದ ಏನಾಗ್ತತಿ ಅಂತ ಮಾತ್ರ ಗೊತ್ತಿರಲಿಲ್ಲ.

ನೀವು ಅನ್ನೋ ಆಟ ನಾನು ಇನ್ನೂ ತಗೊಂಡಿಲ್ಲ. ಸುರುಳಿ ಖರ್ಚಾಗ್ತತಿ ಅಂತ ಓದಿ ಎದಿ ಝಲ್ ಅಂತು. ತಗೋಬೇಕೋ ಬ್ಯಾಡೋ?

ಹರಿಹರ_ಸೇತುವೆ, ಹರಿಹರ

ತಗೊಳ್ಳಿ. ಆಮೇಲೆ ಬಂದ ಅಪ್‌ಡೇಟ್‌ನಲ್ಲಿ ಅಸಿಸ್ಟೆಡ್ ಅನ್ನೋ ಸುಲಭದ ಮೋಡ್ ಕೊಟ್ಟಿದ್ದಾರೆ, ಅದರಲ್ಲಿ ಆಟೋಸೇವ್ ಇದೆ, ಆಟ ತಾನಾಗೇ ಸೇವ್ ಆಗುತ್ತೆ. ಕರೆಂಟ್ ಭಯ ಇರೋರು ಅದನ್ನೇ ಆರಿಸಿಕೊಳ್ಳಿ. ಮೂಲ ಪೋಸ್ಟ್ ಹಾಕಿದವರು ಯಾವ ಮೋಡ್‌ನಲ್ಲಿ ಆಡಿದ್ದು?

ಕೋಟೆ_ಕೆಳಗಿನವ, ಚಿತ್ರದುರ್ಗ

ಸ್ಟ್ಯಾಂಡರ್ಡ್, ಅಂದರೆ ಮೂಲ ಮೋಡ್. ಕರೆಂಟ್ ಹೋದ ಮಾರನೇ ದಿನ ಅಸಿಸ್ಟೆಡ್‌ನಲ್ಲಿ ಹೊಸದಾಗಿ ಶುರು ಮಾಡಿ ನೋಡಿದೆ. ಒಂದು ಗಂಟೆ ಆಡಿ ಬಿಟ್ಟೆ. ಅದು ಕೆಟ್ಟದು ಅಂತಲ್ಲ. ಬಾಗಿಲು ತೆಗೆಯುವಾಗ ನನ್ನ ಕೈ ತಡೆಯೋದೇ ನಿಂತುಹೋಯ್ತು, ಅಷ್ಟೇ. ಸುಮ್ಮನೆ ತೆಗೆದು ಒಳಗೆ ಹೋಗ್ತಿದ್ದೆ. ಮೊದಲಾದರೆ ಹಿಡಿಕೆ ಮುಟ್ಟೋಕೆ ಮುಂಚೆ ನಿಂತು ಕಿವಿಗೊಟ್ಟು ಕೇಳ್ತಿದ್ದೆ.

ತೊಟ್ಟಿಲ_ಪಕ್ಕ, ದಾವಣಗೆರೆ

ನಾನು ನೇರವಾಗಿ ವಿರೋಧ ಮಾಡ್ತೀನಿ, ಬೇಜಾರಾಗಬೇಡಿ.

ನನಗೆ ಹದಿನಾಲ್ಕು ತಿಂಗಳ ಮಗು ಇದೆ. ಮಗು ಮಲಗಿದಮೇಲೆ ನಲವತ್ತು ನಿಮಿಷ ನನ್ನದು. ಕೆಲವು ದಿನ ಇಪ್ಪತ್ತೇ ನಿಮಿಷ. ಎದ್ದು ಅತ್ತರೆ ಕಂಟ್ರೋಲರ್ ಇಟ್ಟು ಓಡಬೇಕು. ಮತ್ತೆ ಬರೋದು ಯಾವಾಗಲೋ. ಸೇವ್ ಕಡಿಮೆ ಇದ್ದರೆ ಭಯ ಜಾಸ್ತಿ ಅನ್ನೋ ಮಾತು ರಾತ್ರಿಯಿಡೀ ತನ್ನದೇ ಆಗಿರೋರ ಮಾತು. ನನಗೆ ಟೇಪ್ ಸುರುಳಿ ಭಯ ಹುಟ್ಟಿಸಲಿಲ್ಲ, ಅಪರಾಧಿ ಭಾವ ಹುಟ್ಟಿಸಿತು. ಮಗು ಅತ್ತಾಗ ಒಂದು ಕ್ಷಣ "ಅಯ್ಯೋ, ಸೇವ್ ಆಗಿಲ್ಲ" ಅಂತ ಮನಸ್ಸಿಗೆ ಬಂತು. ಆ ಯೋಚನೆ ನನಗೆ ಇಷ್ಟ ಆಗಲಿಲ್ಲ. ಅವತ್ತೇ ಅಸಿಸ್ಟೆಡ್ ಮೋಡ್‌ಗೆ ಹೋದೆ, ಮುಗಿಸಿದೆ. ಕತ್ತಲೆ ಅಲ್ಲೂ ಅಷ್ಟೇ ಕತ್ತಲೆ. ಕನ್ನಡಿ ಮೂಲಕ ಅದೇ ಜಾಗದ ಇನ್ನೊಂದು ರೂಪಕ್ಕೆ ದಾಟಿದಾಗ ಅಷ್ಟೇ ಜುಮ್ಮೆಂದಿತು. ಏನೂ ಕಡಿಮೆ ಆಗಲಿಲ್ಲ.

ನನ್ನ ಪ್ರಶ್ನೆ ಇಷ್ಟು: ಆ ಮೋಡ್ ಮೊದಲ ದಿನವೇ ಯಾಕಿರಲಿಲ್ಲ? ಹಳೇ ಶೈಲಿ ಅಂದರೆ ನನ್ನಂಥವರು ಹೊರಗೆ ನಿಂತು ನೋಡಬೇಕು ಅಂತಲಾ?

ಕೋಟೆ_ಕೆಳಗಿನವ, ಚಿತ್ರದುರ್ಗ

ಬೇಜಾರಿಲ್ಲ. ನೀವು ಹೇಳಿದ್ದನ್ನು ಎರಡು ಸಲ ಓದಿದೆ. ನನಗೆ ರಾತ್ರಿಯಿಡೀ ನನ್ನದೇ, ಅದು ನಿಜ. ಕಳೆದುಹೋಗುವ ಭಯ ಬೇಕು ಅಂತ ನಾನು ಆರಿಸಿಕೊಂಡೆ, ನಿಮಗೆ ಆರಿಸಿಕೊಳ್ಳೋ ಅವಕಾಶವೇ ಇರಲಿಲ್ಲ. ಮೋಡ್ ಮೊದಲ ದಿನವೇ ಇರಬೇಕಿತ್ತು, ಒಪ್ಪುತ್ತೀನಿ. ಆದರೆ "ಏನೂ ಕಡಿಮೆ ಆಗಲಿಲ್ಲ" ಅನ್ನೋದನ್ನು ಮಾತ್ರ ಒಪ್ಪೋಕೆ ಆಗ್ತಿಲ್ಲ. ನನಗೆ ಕಡಿಮೆ ಆಯ್ತು.

ತೊಟ್ಟಿಲ_ಪಕ್ಕ, ದಾವಣಗೆರೆ

ಸರಿ, ನಿಮಗೆ ಕಡಿಮೆ ಆಯ್ತು, ನನಗೆ ಆಗಲಿಲ್ಲ. ಅಲ್ಲಿಗೆ ಬಿಡೋಣ.

ಹೊಳಲ್ಕೆರೆ_ರಸ್ತೆ, ಚಿತ್ರದುರ್ಗ

ಸೇವ್ ಜಗಳ ಮುಗೀತಲ್ಲ, ಈಗ ಕ್ಯಾಮೆರಾ. ನನಗೆ ಇದು ದೊಡ್ಡ ಮೋಸ ಅನ್ನಿಸುತ್ತೆ. ಕ್ಯಾರೋಲಿನ್ ಕಣ್ಣೆದುರು ರಾಕ್ಷಸ ನಿಂತಿದೆ. ಒಂದೇ ಕಣ್ಣಾದರೂ ಅವಳಿಗೆ ಕಾಣುತ್ತಲ್ಲ? ನನಗೆ ಮಾತ್ರ ಕಾಣಲ್ಲ, ಯಾಕಂದರೆ ಕ್ಯಾಮೆರಾ ಅವಳ ಮುಖಕ್ಕೆ ಎದುರಾಗಿ ಸೂರಲ್ಲಿದೆ. ಇದು ಆಟ ಹುಟ್ಟಿಸಿದ ಭಯ ಅಲ್ಲ, ನನ್ನ ಕಣ್ಣಿಗೆ ಬಟ್ಟೆ ಕಟ್ಟಿ ಹುಟ್ಟಿಸಿದ ಭಯ. 2005ರಲ್ಲಿ ರೆಸಿಡೆಂಟ್ ಈವಿಲ್ 4 ಬಂದು ಕ್ಯಾಮೆರಾನ ಹೆಗಲ ಹಿಂದೆ ತಂದಿಟ್ಟಿತು. ಆಮೇಲೂ ಹಿಂದಕ್ಕೆ ಯಾಕೆ ಹೋಗಬೇಕು?

ಓಬವ್ವ_ಕಿಂಡಿ, ಚಿತ್ರದುರ್ಗ

ಹೊಳಲ್ಕೆರೆ ರಸ್ತೆಯವರೇ, ನಮ್ಮ ಕೋಟೆ ಹತ್ತಿದ್ದೀರಲ್ಲ? ನಾನು ವಾರಕ್ಕೊಂದು ಸಲ ಬೆಳಗ್ಗೆ ಹತ್ತುತ್ತೀನಿ. ಏಳು ಸುತ್ತು. ಒಂದು ಬಾಗಿಲಲ್ಲಿ ನಿಂತರೆ ಮುಂದಿನ ಬಾಗಿಲು ಕಾಣಲ್ಲ. ದಾರಿ ಬಾಗುತ್ತೆ, ಗೋಡೆ ಅಡ್ಡ ಬರುತ್ತೆ, ಮತ್ತೆ ಬಾಗುತ್ತೆ. ಆನೆ ನೇರ ನುಗ್ಗಿ ಬಂದು ಬಾಗಿಲಿಗೆ ಗುದ್ದಬಾರದು, ಸೈನ್ಯಕ್ಕೆ ಮುಂದೇನಿದೆ ಅಂತ ತಿಳೀಬಾರದು ಅಂತಲೇ ಹಾಗೆ ಕಟ್ಟಿದ್ದು. ಕಟ್ಟಿದವನು ಒಳಗೆ ಬರೋನ ಕಣ್ಣನ್ನು ತನ್ನ ಕೈಯಲ್ಲಿ ಇಟ್ಟುಕೊಂಡಿದ್ದಾನೆ. ಒನಕೆ ಓಬವ್ವನ ಕಿಂಡಿ ಹತ್ತಿರ ನಿಂತು ನೋಡಿ. ಹೈದರಾಲಿಯ ಸೈನಿಕ ಆ ಸಂದಿಯಲ್ಲಿ ತೂರುವಾಗ ಅವನಿಗೆ ಕಾಣೋದು ಎದುರಿನ ಬೆಳಕು ಅಷ್ಟೇ. ಪಕ್ಕದಲ್ಲಿ ಒನಕೆ ಎತ್ತಿ ನಿಂತವಳು ಕಾಣಲ್ಲ. ಅವಳಿಗೆ ಅವನು ಕಾಣ್ತಾನೆ. ನೋಟ ಯಾರ ಕೈಯಲ್ಲಿದೆಯೋ ಜಾಗ ಅವರದು.

ಕ್ಯಾಮೆರಾ ಕಟ್ಟಿಹಾಕೋದು ನನ್ನ ಲೆಕ್ಕದಲ್ಲಿ ಅದೇ ಕೆಲಸ. ಆ ಆಸ್ಪತ್ರೆ ನಮ್ಮದಲ್ಲ, ನಾವು ಅದಕ್ಕೆ ನುಗ್ಗಿದವರು.

ಇದು ಶುರುವಾಗಿದ್ದು ಬಡತನದಿಂದ, ಅದನ್ನೂ ಹೇಳಿಬಿಡ್ತೀನಿ. 1992ರಲ್ಲಿ ಫ್ರಾನ್ಸ್‌ನವರು ಅಲೋನ್ ಇನ್ ದ ಡಾರ್ಕ್ ಮಾಡಿದಾಗ ಇಡೀ ಮನೆಯನ್ನು ಮೂರು ಆಯಾಮದಲ್ಲಿ ತೋರಿಸೋ ಶಕ್ತಿ ಕಂಪ್ಯೂಟರ್‌ಗೆ ಇರಲಿಲ್ಲ. ಹಿನ್ನೆಲೆ ಬರೀ ಚಿತ್ರ, ಪಾತ್ರ ಮಾತ್ರ ಓಡಾಡೋದು. ಮೊದಲ ಪ್ಲೇಸ್ಟೇಷನ್‌ಗೆ ಇದ್ದದ್ದು 2 ಎಂಬಿ ಮುಖ್ಯ ಮೆಮೊರಿ, ಅದಕ್ಕೇ ರೆಸಿಡೆಂಟ್ ಈವಿಲ್ ಕೂಡ ಅದೇ ದಾರಿ ಹಿಡೀತು. 1999ರ ಸೈಲೆಂಟ್ ಹಿಲ್‌ನಲ್ಲಿ ಊರೆಲ್ಲಾ ಮಂಜು ಕವಿದಿತ್ತಲ್ಲ, ದೂರದ ಬೀದಿ ತೋರಿಸೋ ತಾಕತ್ತು ಯಂತ್ರಕ್ಕೆ ಇಲ್ಲದ್ದನ್ನು ಆ ಮಂಜು ಮುಚ್ಚಿಕೊಳ್ತು. ಆ ಮಂಜೇ ಆಮೇಲೆ ಆಟದ ಮುಖ ಆಯ್ತು. ಟಾರ್ಮೆಂಟೆಡ್ ಸೋಲ್ಸ್‌ಗೆ ಆ ಬಡತನ ಇಲ್ಲ. ಅದರ ಕೋಣೆಗಳು ನಿಜವಾದ ಮೂರು ಆಯಾಮದವು, ಲೈಟರ್ ಆಡಿಸಿದರೆ ಗೋಡೆ ಮೇಲೆ ನೆರಳು ಓಡುತ್ತೆ, ಕೆಲವು ಕಡೆ ಕ್ಯಾಮೆರಾ ಮೆಲ್ಲಗೆ ಜಾರುತ್ತೆ. ಅಂದರೆ ತಿರುಗಿಸೋ ಶಕ್ತಿ ಇದ್ದೂ ಬೇಡ ಅಂದಿದ್ದಾರೆ. ಹಿಂದಕ್ಕೆ ಹೋಗಿದ್ದಾರೆ ಅಂತ ನನಗೆ ಅನ್ನಿಸಲ್ಲ.

ಹೊಳಲ್ಕೆರೆ_ರಸ್ತೆ, ಚಿತ್ರದುರ್ಗ

ಕೋಟೆ ಮಾತು ಚೆನ್ನಾಗಿದೆ, ಮನಸ್ಸಿಗೆ ತಾಕ್ತು. ಆದರೆ ಕೋಟೆಯಲ್ಲಿ ತಿರುವು ದಾಟಿದರೆ ನನಗೆ ಕಾಣುತ್ತೆ. ಇಲ್ಲಿ ತಿರುವು ದಾಟಿದ ಮೇಲೂ ಕ್ಯಾಮೆರಾ ಬದಲಾಗೋ ಗೆರೆ ತುಳಿಯೋವರೆಗೆ ಕಾಣಲ್ಲ. ಕಾಣದೆ ಗುಂಡು ಹಾರಿಸ್ತೀನಿ, ಶಬ್ದ ಕೇಳಿ ತಗುಲಿತು ಅಂದುಕೊಳ್ತೀನಿ. ಮೊಳೆ ಎಷ್ಟು ಕಡಿಮೆ ಸಿಗುತ್ತೆ ಗೊತ್ತಲ್ಲ? ಶುರುವಿನಲ್ಲಿ ಗಾಲಿಕುರ್ಚಿ ಮೇಲೆ ಬರುತ್ತಲ್ಲ ಒಂದು, ಅದರ ಮೇಲೆ ಹೀಗೇ ಇದ್ದಬದ್ದ ಮೊಳೆ ಎಲ್ಲಾ ಸುರಿದೆ.

ಮೊಳೆ_ಎಣಿಸುವವ, ದಾವಣಗೆರೆ

ಕಾದಾಟದ ಬಗ್ಗೆ ನಾನು ಹೇಳಬಲ್ಲೆ, ಎರಡು ಸಲ ಮುಗಿಸಿದ್ದೀನಿ.

ಮೊದಲನೆಯದು ಕಂಟ್ರೋಲ್. ಸ್ಟಿಕ್ ಹಿಡಿದರೆ ಹೊಸ ರೀತಿ, ಒತ್ತಿದ ದಿಕ್ಕಿಗೆ ಹೋಗ್ತಾಳೆ. ಡಿ-ಪ್ಯಾಡ್, ಅಂದರೆ ನಾಲ್ಕು ದಿಕ್ಕಿನ ಗುಂಡಿ ಒತ್ತಿದರೆ ಹಳೇ ಟ್ಯಾಂಕ್ ಕಂಟ್ರೋಲ್, ಮೇಲೆ ಒತ್ತಿದರೆ ಅವಳ ಮುಖ ಎತ್ತಲಿದೆಯೋ ಅತ್ತ. ಎರಡೂ ಯಾವಾಗಲೂ ಕೈಯಲ್ಲೇ ಇರ್ತವೆ, ಸೆಟ್ಟಿಂಗ್ಸ್‌ಗೆ ಹೋಗೋದು ಬೇಕಿಲ್ಲ. ಖಾಲಿ ಓಣಿಯಲ್ಲಿ ಸ್ಟಿಕ್, ವೈರಿ ಇರೋ ಕೋಣೆಯಲ್ಲಿ ಡಿ-ಪ್ಯಾಡ್, ಇದು ನಾನು ರೂಢಿ ಮಾಡಿಕೊಂಡಿದ್ದು. ಕ್ಯಾಮೆರಾ ಪಟ್ಟನೆ ಬದಲಾದಾಗ ಸ್ಟಿಕ್‌ನಲ್ಲಿ ದಿಕ್ಕು ತಪ್ಪುತ್ತೆ, ಡಿ-ಪ್ಯಾಡ್‌ನಲ್ಲಿ ತಪ್ಪಲ್ಲ. ಟ್ಯಾಂಕ್ ಕಂಟ್ರೋಲ್ ಅಂದರೆ ಹುಡುಗರು ಹೀಗಳೀತಾರೆ. ಆದರೆ ಕಟ್ಟಿಹಾಕಿದ ಕ್ಯಾಮೆರಾಗೆ ಅದೇ ಸರಿಯಾದ ಮದ್ದು.

ಎರಡನೆಯದು ಹಿಂದಕ್ಕೆ ಜಿಗಿಯೋ ಗುಂಡಿ. ತುಂಬ ಜನ ಅದನ್ನು ಮುಟ್ಟೋದೇ ಇಲ್ಲ. ವೈರಿ ಕೈ ಎತ್ತಿದಾಗ ಜಿಗಿದು, ಆಮೇಲೆ ಎರಡು ಮೊಳೆ. ಮತ್ತೆ ಜಿಗಿತ. ಬಿದ್ದಮೇಲೆ ಕಬ್ಬಿಣದ ಹಾರೆಯಲ್ಲಿ ಮುಗಿಸಿ, ಮೊಳೆ ಉಳಿಯುತ್ತೆ.

ಹೊಳಲ್ಕೆರೆಯವರ ದೂರಲ್ಲಿ ಹುರುಳಿದೆ, ಇಲ್ಲ ಅನ್ನಲ್ಲ. ಗುರಿ ತಾನಾಗೇ ಕೂರುತ್ತೆ, ಆದರೆ ಯಾರ ಮೇಲೆ ಕೂತಿದೆ ಅಂತ ತೋರಿಸಲ್ಲ. ಇಬ್ಬರು ವೈರಿಗಳಿದ್ದರೆ ಬಡಿದಾಡಿ ಗೊತ್ತಾಗಬೇಕು. ಆದರೂ ಒಂದು ಸಲ ಕಿವಿ ನೆಚ್ಚಿಕೊಂಡು ಆಡಿ ನೋಡಿ. ಹೆಡ್‌ಫೋನ್ ಹಾಕಿ. ಗಾಲಿಕುರ್ಚಿಯದ್ದು ಎಷ್ಟು ದೂರದಲ್ಲಿದೆ ಅಂತ ಕೀಚಲು ಸದ್ದೇ ಹೇಳುತ್ತೆ.

ಒಂದು ಒಳ್ಳೇದು ಯಾರೂ ಹೇಳಲಿಲ್ಲ: ಚೀಲಕ್ಕೆ ಮಿತಿ ಇಲ್ಲ. ಸಿಕ್ಕಿದ್ದೆಲ್ಲಾ ಹೊತ್ತುಕೊಳ್ಳಬಹುದು, ಪೆಟ್ಟಿಗೆಗೆ ಹಾಕಿ ತೆಗೆದು ಮಾಡಬೇಕಿಲ್ಲ. ಸಿಗ್ನಾಲಿಸ್ ಆಡಿದವರಿಗೆ ಇದರ ಬೆಲೆ ಗೊತ್ತು. ಹ್ಯಾಂಬರ್ಗ್‌ನ ಇಬ್ಬರೇ ಸೇರಿ ಕಟ್ಟಿದ ಆಟ ಅದು, 2022ರದು. ಸೇವ್ ಎಷ್ಟು ಬೇಕಾದರೂ ಮಾಡಬಹುದು, ಆದರೆ ಹೊತ್ತುಕೊಳ್ಳೋಕೆ ಆರೇ ಜಾಗ. ಬೀಗದ ಕೈ ಒಂದು ಜಾಗ, ಗನ್ ಒಂದು ಜಾಗ, ಗುಂಡು ಒಂದು ಜಾಗ. ಓಡಾಡಿ ಓಡಾಡಿ ಕಾಲು ಸವೆಯುತ್ತೆ. ಜನ ಗೋಳಾಡಿದ ಮೇಲೆ ಅಪ್‌ಡೇಟ್‌ನಲ್ಲಿ ಸಡಿಲ ಮಾಡೋ ಆಯ್ಕೆ ಕೊಟ್ಟರು. ಒಬ್ಬೊಬ್ಬರು ಒಂದೊಂದು ಕಡೆ ಬಿಗಿ ಹಿಡೀತಾರೆ. ನನ್ನ ಮಟ್ಟಿಗೆ ಸಿಗ್ನಾಲಿಸ್ ಕತೆ ದೊಡ್ಡದು, ಟಾರ್ಮೆಂಟೆಡ್ ಸೋಲ್ಸ್ ಮನೆ ದೊಡ್ಡದು.

ಅಕ್ಕ_ತಮ್ಮ, ಚಳ್ಳಕೆರೆ

ನಮ್ಮ ತೊಂದರೆ ಬೇರೆ. ಅದನ್ನು ಯಾರೂ ಬರೆದಿಲ್ಲ, ಅದಕ್ಕೇ ಬರೀತಿದ್ದೀನಿ.

ನಾನು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಓದಬಲ್ಲೆ, ಆದರೆ ಇಂಗ್ಲಿಷ್‌ನಲ್ಲಿ ಪದ್ಯದ ಥರ ಬರೆದ ಒಗಟು ಕೊಟ್ಟರೆ ಕೈಕಾಲು ಆಡಲ್ಲ. ಈ ಆಟದಲ್ಲಿ ಇರೋದೇ ಕಾಗದಗಳು. ಡಾಕ್ಟರ ದಿನಚರಿ, ಯಾರದೋ ಪತ್ರ, ಗೋಡೆ ಮೇಲಿನ ಸಾಲು. ಒಗಟಿನ ಬೀಗದ ಕೈ ಒಂದು ಪದದ ಎರಡನೇ ಅರ್ಥದಲ್ಲಿ ಇರುತ್ತೆ. ಆ ಎರಡನೇ ಅರ್ಥ ನನಗೆ ಶಾಲೆಯಲ್ಲಿ ಯಾರೂ ಹೇಳಿಕೊಟ್ಟಿಲ್ಲ. ನನ್ನ ಬುದ್ಧಿಗೆ ಸೋತಿದ್ದರೆ ಬೇಸರ ಇರ್ತಿರಲಿಲ್ಲ. ಭಾಷೆಗೆ ಸೋತೆ.

ತಮ್ಮ ಬೆಂಗಳೂರಿನಲ್ಲಿ ಡಿಪ್ಲೊಮಾ ಮಾಡ್ತಾನೆ, ರಜೆಗೆ ಬಂದಿದ್ದ. ಅವನು ಓದಿ ಕನ್ನಡದಲ್ಲಿ ಹೇಳೋನು, ನಾನು ಆಡೋಳು. ಒಂದು ನೂರು ಪುಟದ ನೋಟ್‌ಬುಕ್ ಇಟ್ಟುಕೊಂಡ್ವಿ. ಬಾಗಿಲುಗಳ ಚಿತ್ರ ನಾನೇ ಬರೆದೆ, ಯಾವ ಬೀಗ ಬಾಕಿ, ಯಾವ ಕಾಗದದಲ್ಲಿ ಏನಿತ್ತು ಎಲ್ಲಾ ಕನ್ನಡದಲ್ಲಿ. ಹಾಗೆ ಬರೆದುಕೊಂಡ ಮೇಲೆ ಒಗಟು ನನಗೇ ಬಿಡಿಸೋಕೆ ಬಂತು, ಅವನಿಗಿಂತ ಬೇಗ. ನಾನು ದಡ್ಡಿ ಅಲ್ಲ ಅನ್ನೋದು ಆ ನೋಟ್‌ಬುಕ್ ನೋಡಿದಾಗ ಗೊತ್ತಾಗುತ್ತೆ.

ರಜೆ ಮುಗಿದು ಅವನು ಹೋದ. ಆಟ ಮುಕ್ಕಾಲು ಭಾಗದಲ್ಲಿ ನಿಂತಿದೆ. ರಾತ್ರಿ ಪರದೆಯ ಫೋಟೊ ಕಳಿಸ್ತೀನಿ, ಅವನು ವಾಯ್ಸ್ ಮೆಸೇಜ್ ಕಳಿಸ್ತಾನೆ. ನಿಧಾನ ಆಗ್ತಿದೆ, ಆದರೆ ನಿಲ್ಲಿಸಿಲ್ಲ.

ತೊಟ್ಟಿಲ_ಪಕ್ಕ, ದಾವಣಗೆರೆ

ಅಕ್ಕ, ಆ ನೋಟ್‌ಬುಕ್ ಪುಟಗಳ ಫೋಟೊ ಹಾಕ್ತೀರಾ? ಉತ್ತರ ಬೇಡ, ಪತ್ರಗಳ ಕನ್ನಡ ಮಾತ್ರ. ನಿಮ್ಮ ಹಾಗೆ ನಿಂತುಹೋದವರು ಇನ್ನೂ ಇರ್ತಾರೆ.

ಅಕ್ಕ_ತಮ್ಮ, ಚಳ್ಳಕೆರೆ

ಅಕ್ಷರ ಚೆನ್ನಾಗಿಲ್ಲ. ಭಾನುವಾರ ಶುದ್ಧವಾಗಿ ಬರೆದು ಹಾಕ್ತೀನಿ.

ಕೋಟೆ_ಕೆಳಗಿನವ, ಚಿತ್ರದುರ್ಗ

ಇದನ್ನು ಓದಿ ನನ್ನ ಮೊದಲ ಪೋಸ್ಟ್‌ಗೆ ಒಂದು ಸಾಲು ಸೇರಿಸಬೇಕು ಅನ್ನಿಸ್ತು. ಸತಾಯಿಸೋದು ಅಂದಾಗ ನಾನು ಕರ್ಸರ್ ಬಗ್ಗೆ ಮಾತ್ರ ಯೋಚಿಸಿದ್ದೆ. ನಾನೂ ಕನ್ನಡ ಮಾಧ್ಯಮವೇ. ಆಮೇಲೆ ಕೆಲಸದ ಸಲುವಾಗಿ ಇಂಗ್ಲಿಷ್ ರೂಢಿ ಆಯ್ತು, ಆ ಗೋಡೆ ಇತ್ತು ಅನ್ನೋದನ್ನೇ ಮರೆತಿದ್ದೆ.

ಒಗಟು ಹೇಗಿರಬೇಕು ಅನ್ನೋದಕ್ಕೆ ಕ್ರೋ ಕಂಟ್ರಿ ನೋಡಿ, 2024ರದು. ಹಳೇ ಪ್ಲೇಸ್ಟೇಷನ್ ಗೊಂಬೆಗಳ ಥರದ ಪಾತ್ರಗಳು, 1990ರಲ್ಲಿ ನಡೆಯೋ ಕತೆ, ಮುಚ್ಚಿಹೋಗಿರೋ ಒಂದು ಮನರಂಜನಾ ಪಾರ್ಕು. ಅದರಲ್ಲೂ ಕಾಗದ ಓದಬೇಕು, ಒಗಟು ಬಿಡಿಸಬೇಕು. ಆದರೆ ಸಿಕ್ಕಿಬಿದ್ದಾಗ ಸುಳಿವು ಕೊಡೋ ವ್ಯವಸ್ಥೆ ಆಟದ ಒಳಗೇ ಇದೆ, ಹೊರಗೆ ಬಂದು ವಿಡಿಯೊ ಹುಡುಕಬೇಕಿಲ್ಲ. ವೈರಿಗಳೇ ಬೇಡ ಅಂದರೆ ಬರೀ ಅಡ್ಡಾಡೋ ಮೋಡ್ ಕೂಡ ಇದೆ. ಟಾರ್ಮೆಂಟೆಡ್ ಸೋಲ್ಸ್‌ನಲ್ಲಿ ಅಂಥ ಒಂದು ಸುಳಿವು ಇದ್ದಿದ್ದರೆ ನಾನು ಆ ರಾತ್ರಿ ಫೋನ್ ತೆಗೀತಿರಲಿಲ್ಲ. ಒಂದು ಸಲ ಫೋನಲ್ಲಿ ಉತ್ತರ ನೋಡಿದ ಮೇಲೆ ಮುಂದಿನ ಒಗಟಿಗೂ ಕೈ ಫೋನ್ ಕಡೆಗೇ ಹೋಗುತ್ತೆ. ಈ ಆಟ ನನಗೆ ಮಾಡಿದ ದೊಡ್ಡ ನಷ್ಟ ಅದೇ. ಕರೆಂಟ್ ಹೋಗಿ ಕಳೆದ ಒಂದೂವರೆ ಗಂಟೆ ಮತ್ತೆ ಆಡಿದೆ, ಬಂತು. ಫೋನಲ್ಲಿ ಓದಿಬಿಟ್ಟ ಉತ್ತರವನ್ನು ಮರೆಯೋಕೆ ಆಗಲ್ಲ.

ಹರಿಹರ_ಸೇತುವೆ, ಹರಿಹರ

ಟಾರ್ಮೆಂಟೆಡ್ ಸೋಲ್ಸ್ ಎರಡನೇ ಭಾಗ 2025ರ ಅಕ್ಟೋಬರ್‌ನಲ್ಲಿ ಬಂದಿದೆಯಲ್ಲ, ಯಾರಾದರೂ ಆಡಿದ್ರಾ?

ಮೊಳೆ_ಎಣಿಸುವವ, ದಾವಣಗೆರೆ

ಆಡ್ತಿದ್ದೀನಿ. ಮುಗಿಸದೆ ಮಾತಾಡಲ್ಲ. ಟೇಪ್ ಸುರುಳಿ ಅಲ್ಲೂ ಇದೆ.

ಮಿಲ್_ಓಣಿ, ದಾವಣಗೆರೆ

ಎಲ್ಲರ ಮಾತೂ ಓದಿ ಶುಕ್ರವಾರ ತಗೊಂಡೆ. ಸ್ಟ್ಯಾಂಡರ್ಡ್ ಮೋಡ್ನಾಗೇ ಶುರು ಮಾಡೀನಿ. ತೊಟ್ಟಿಲ ಪಕ್ಕದ ಅಕ್ಕಾರು ಹೇಳಿದ್ದು ಖರೇ ಐತಿ, ನಂಗೂ ಬೆಳಿಗ್ಗೆ ಆರಕ್ಕ ಅಂಗಡಿ ಬಾಗಿಲು ತಗೀಬೇಕು. ಆದ್ರೂ ನನಗ ಆ ಸುರುಳಿ ಬೇಕಿತ್ತು.

ತೊಟ್ಟಿಯಿಂದ ಎದ್ದೆ. ಬಟ್ಟೆ ಸಿಕ್ತು, ಲೈಟರ್ ಸಿಕ್ತು. ಮೊಳೆ ಗನ್ ಸಿಕ್ತು. ಗಾಲಿಕುರ್ಚಿಯವನು ಬಂದ, ಜಿಗದು ಜಿಗದು ಹೊಡದೆ, ಡಿ-ಪ್ಯಾಡ್ ಮಾತು ಕೇಳಿದ್ದು ಚಲೋ ಆತು. ಕತ್ತಲಿ ಓಣ್ಯಾಗ ಒಂದು ಸಲ ಸತ್ತೆ, ಮತ್ತ ಮೊದಲಿಂದ ಬಂದೆ. ನನಗ ಮೊದಲಿಂದ ಬರೋದು ಹೊಸದೇನಲ್ಲ.

ಆಮ್ಯಾಲೆ ಒಂದು ಬಾಗಿಲು ತಗದ್ರ ಒಳಗ ಪಿಯಾನೊ ಥರ ಮೆತ್ತಗ ಒಂದು ಸಂಗೀತ. ಅಲ್ಲಿ ರೆಕಾರ್ಡರ್ ಇತ್ತು. ಸುರುಳಿ ಹಾಕಿದೆ. ಸೇವ್ ಆತು ಅಂತ ಬಂತು. ನಾನು ಅಲ್ಲೇ ನಿಂತು ಆ ಸಂಗೀತ ಸುಮಾರು ಹೊತ್ತು ಕೇಳಿದೆ. ಮಗಳು ಬಂದು ಯಾಕಪ್ಪಾ ಆಡ್ತಿಲ್ಲ ಅಂದ್ಲು.

ಕಂಪ್ಯೂಟರ್ ಬಂದ್ ಮಾಡಿ ಮಲಗಿದೆ. ಬೆಳಿಗ್ಗೆ ಅಂಗಡಿಗೆ ಹೋಗೋಕಿಂತ ಮುಂಚೆ ಒಂದು ಸಲ ಹಚ್ಚಿ ನೋಡಿದೆ. ಕ್ಯಾರೋಲಿನ್ ಅಲ್ಲೇ ನಿಂತಾಳ.